ಹನ್ನೊಂದನೇ ಸಾಲಿನ ಹುಳು

ಆಗ ನನಗೆ ಐವತ್ತೊಂಬತ್ತು. ಅದಾಗಿ ಒಂಬತ್ತು ವರ್ಷವಾಯಿತು. ಹೋದ ತಿಂಗಳು ಮಧುಗಿರಿಯ ನನ್ನ ತಂಗಿ ಮನೆಯಲ್ಲಿದ್ದೆ. ಮಂಡಿನೋವಿಗೆಂದು ಅವಳು ಹರಳೆಲೆಯನ್ನು ಹೆಂಚಿನ ಮೇಲೆ ಬಾಡಿಸಿ ನನ್ನ ಕಾಲಿಗೆ ಕಟ್ಟಿದಳು. ಬಾಡಿದ ಎಲೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಕೂತೆ.

"ಬಿಚ್ಚೇ ಇದನ್ನ" ಅಂದೆ.

"ಯಾಕಕ್ಕ, ಸುಡ್ತೈತಾ?"

ಸುಡುತ್ತಿರಲಿಲ್ಲ. ಆ ವಾಸನೆಯೊಳಗೆ ನಾನು ಒಂದು ಮುಂಗಾರು ಪೂರ್ತಿ ಬಾಗಿಲು ಹಾಕಿಕೊಂಡು ಕೂತವಳು. ಅದನ್ನೆಲ್ಲ ಅವಳಿಗೆ ಹೇಳುತ್ತಾ ಕೂತಿದ್ದರೆ ಒಲೆಯ ಮೇಲಿನ ಸಾರು ಸೀದುಹೋಗುತ್ತಿತ್ತು.

ನಮ್ಮೂರು ಪಾವಗಡ ತಾಲ್ಲೂಕು, ವೈ.ಎನ್.ಹೊಸಕೋಟೆಯಿಂದ ಮೂರು ಮೈಲಿ. ಗಂಡ ಸತ್ತ ಮೇಲೆ ತಮ್ಮ ನಾಗರಾಜನ ಮನೆಯಲ್ಲಿದ್ದೆ. ಅವನದು ಮಳೆ ನಂಬಿದ ಕಡಲೆಕಾಯಿ ಹೊಲ. ಆ ವರ್ಷದ ಹಿಂದಿನ ವರ್ಷ ಲದ್ದಿ ಹುಳ ಬಿದ್ದು ಹೊಲವೆಲ್ಲ ಜಾಲರಿಯಾಯಿತು. ಬೆನ್ನಿಗೆ ಟ್ಯಾಂಕು ಹೊತ್ತು ಔಷಧಿ ಹೊಡೆಯುತ್ತಿದ್ದವನು ಸಾಲಿನ ನಡುವೆಯೇ ಬಿದ್ದ. ಬಾಯಲ್ಲಿ ನೊರೆ. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದ. ಇನ್ನೊಂದು ಸಲ ಆ ಟ್ಯಾಂಕು ಹೊತ್ತರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಮೇಲೆ ಅವನ ಕೈ ನಡುಗುವುದು ನಿಲ್ಲಲಿಲ್ಲ. ಬೀಡಿ ಹಚ್ಚಬೇಕಾದರೂ ಹೆಂಡತಿ ಕಡ್ಡಿ ಗೀರಬೇಕಿತ್ತು.

ಅಂಥ ಹೊತ್ತಿನಲ್ಲಿ ಶಾಲಿನಿ ಮೇಡಂ ಬಂದರು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹೆಣ್ಣು, ಮೂವತ್ತೈದು ದಾಟಿರಲಿಲ್ಲ. ಗಿಡಗಳ ಮೇಲೆ ಸಂಶೋಧನೆ ಮಾಡುವವರು. ಔಷಧಿ ಇಲ್ಲದೆ ಲದ್ದಿ ಹುಳ ತಡೆಯುವ ಕಡಲೆಕಾಯಿ ತಳಿ ಹುಡುಕುತ್ತಿದ್ದರು. ಊರಾಚೆ ಗುಡ್ಡದ ಕೆಳಗೆ ಜಮೀನು ಗುತ್ತಿಗೆಗೆ ಹಿಡಿದು, ಬಿಳಿ ಬಲೆಯಿಂದ ಒಂದು ಮನೆ ಕಟ್ಟಿಸಿದರು. ಸೊಳ್ಳೆ ಪರದೆಯನ್ನೇ ಮನೆಯಷ್ಟು ದೊಡ್ಡದಾಗಿ ಹೊಲಿದಂತೆ. ನಾವು ಬಲೆಮನೆ ಅಂತಿದ್ದೆವು. ಅದಕ್ಕೆ ಎರಡು ಬಾಗಿಲು, ಎರಡಕ್ಕೂ ಜಿಪ್ಪು. ಹೊರಗಿನದು ಮುಚ್ಚಿದ ಮೇಲೆಯೇ ಒಳಗಿನದು ತೆರೆಯಬೇಕು. ಒಳಗಿನ ಹುಳ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು.

ಕೆಲಸಕ್ಕೆ ಇಬ್ಬರು ಹೆಂಗಸರು ಬೇಕೆಂದರು. ನಾನು, ಇನ್ನೊಬ್ಬಳು ರತ್ನಮ್ಮ. ರತ್ನಮ್ಮನ ತವರು ಆಂಧ್ರದ ಕಡೆ, ಬಾಯಿ ಬಿಟ್ಟರೆ ಅರ್ಧ ತೆಲುಗು. ಇಬ್ಬರಿಗೂ ಕಣ್ಣು ಚುರುಕಾಗಿತ್ತು, ಅದಕ್ಕೇ ಆರಿಸಿದರು. ಆರಿಸಿದ ಮೇಲೆ ಕಟ್ಟುಪಾಡು ಹೇಳಿದರು. ಬೆಳೆ ಮುಗಿಯುವವರೆಗೂ ಬಿಡುವಂತಿಲ್ಲ. ಎಣಿಸುವ ಕಣ್ಣು ಬದಲಾದರೆ ಲೆಕ್ಕವೂ ಬದಲಾಗುತ್ತದಂತೆ. ಸ್ವಂತ ಹೊಲಕ್ಕೆ ಕಾಲಿಡುವಂತಿಲ್ಲ. ಸೀರೆ ಸೆರಗಲ್ಲಿ ಹುಳದ ಮೊಟ್ಟೆ ಬರುತ್ತದಂತೆ. ಒಳಗೆ ಹೋದರೆ ಎಣಿಕೆ ಮುಗಿಯುವತನಕ ಹೊರಗೆ ಬರುವಂತಿಲ್ಲ.

"ಮತ್ತೆ ಒಂದಕ್ಕೆ ಬಂದ್ರೆ?" ಅಂದೆ.

ಮೇಡಂ ಮುಖ ಕೆಂಪಾಯಿತು. "ಒಳಗೆ ಹೋಗೋ ಮುಂಚೆ ಮುಗಿಸ್ಕೊಂಡು ಬನ್ನಿ ಕರಿಯಮ್ಮ" ಅಂದರು.

ರತ್ನಮ್ಮ ನನ್ನ ಕಿವಿಯಲ್ಲಿ, "ಏಮಕ್ಕಾ, ಇದು ಜೈಲೇ ಕಣಕ್ಕ. ಕಳ್ಳತನ ಒಂದೇ ಬಾಕಿ" ಅಂದಳು. ಆದರೂ ಹೂಂ ಅಂದೆವು. ಹೊಲದ ಕೆಲಸಕ್ಕೆ ನಾಗರಾಜನಿಗೂ ಕೂಲಿ ಕೊಡುವ ಶಕ್ತಿ ಇರಲಿಲ್ಲ, ನನಗೂ ಅವನ ಹೆಂಡತಿಯ ಮುಖ ನೋಡಿಕೊಂಡು ಉಣ್ಣುವ ಆಸೆ ಇರಲಿಲ್ಲ.

ಕೆಲಸ ಹೀಗಿತ್ತು. ಹುಳ ಸಾಕುವ ಡಬ್ಬಿಗಳಿದ್ದವು. ಹರಳೆಲೆ ತಂದು ಡಬ್ಬಿಗೆ ಹಾಕಬೇಕು, ತಿಂದು ಬಾಡಿದ ಎಲೆ ತೆಗೆಯಬೇಕು, ಹಿಕ್ಕೆ ಒರೆಸಬೇಕು. ಮೊಟ್ಟೆಯಿಂದ ಹೊರಟ ಮರಿಗಳನ್ನು ಬಣ್ಣದ ಬ್ರಷ್ಷಿನ ತುದಿಯಿಂದ ಎತ್ತಿ, ಗಿಡಕ್ಕೆ ಹತ್ತರಂತೆ ಬಿಡಬೇಕು. ಒಂದು ವಾರ ಕಳೆದ ಮೇಲೆ ಯಾವ ಗಿಡದಲ್ಲಿ ಎಷ್ಟು ಬದುಕಿವೆ ಎಂದು ಎಣಿಸಬೇಕು. ಹನ್ನೆರಡು ಸಾಲು, ಸಾಲಿಗೊಂದು ತಳಿ, ಸಾಲಿಗೆ ಇಪ್ಪತ್ತು ಗಿಡ. ಮೊದಲ ಆರು ಸಾಲು ರತ್ನಮ್ಮನಿಗೆ, ಉಳಿದ ಆರು ನನಗೆ. ಬಿಸಿಲೇರಿದರೆ ಹುಳ ಮಣ್ಣಿನ ಬಿರುಕಿಗೆ ಇಳಿದುಬಿಡುತ್ತದೆ. ಅದಕ್ಕೆ ಬೆಳಕು ಹರಿಯುವಷ್ಟರಲ್ಲಿ ಒಳಗಿರಬೇಕು.

ಮೇಡಂ ಮಾಡುತ್ತಿದ್ದುದು ಬೇರೆ ಕೆಲಸ. ಗಿಡ ಎರಡೆಲೆ ಬಿಟ್ಟಾಗಲೇ ಎಲೆಯಿಂದ ಕುಂಕುಮದ ಬೊಟ್ಟಿನಷ್ಟು ಚೂರು ಕತ್ತರಿಸಿ, ಬೆರಳುದ್ದದ ಕೊಳವೆಗೆ ಹಾಕುತ್ತಿದ್ದರು. ಒಂದು ಕ್ಯಾನಿನಿಂದ ಹೊಗೆಯಾಡುವ ನೀರು ಸುರಿಯುತ್ತಿದ್ದರು. ಬೆಂಕಿ ಇಲ್ಲದ ಹೊಗೆ. ಮುಟ್ಟಿದರೆ ಬೆರಳು ಸುಟ್ಟಂತೆ ಆಗುವಷ್ಟು ತಣ್ಣಗೆ. ಎಲೆ ಅದರಲ್ಲಿ ಹಪ್ಪಳದಂತೆ ಪುಡಿಯಾಗುತ್ತಿತ್ತು.

"ಎಲೆ ಪುಡಿ ಮಾಡಿದ್ರೆ ಹುಳ ಬತ್ತದೋ ಇಲ್ವೋ ಗೊತ್ತಾಗೋಯ್ತದಾ?" ಎಂದು ಕೇಳಿದೆ.

"ಗಿಡದ ಒಳಗೆ ಒಂದು ಬರಹ ಇರುತ್ತೆ ಕರಿಯಮ್ಮ. ಬೀಜದಿಂದಲೇ ಬಂದಿರುತ್ತೆ. ಕಾಡು ಕಡಲೆಕಾಯಿ ಗಿಡದಲ್ಲಿ ಹುಳ ತಡೆಯೋ ಬರಹ ಇದೆ. ಅದನ್ನ ನಮ್ಮ ಕಡಲೆಕಾಯಿಗೆ ಸೇರಿಸಿದೀನಿ. ಯಾವುದಕ್ಕೆ ಸೇರಿದೆ, ಯಾವುದಕ್ಕಿಲ್ಲ ಅಂತ ಈ ಪುಡಿಯಲ್ಲಿ ಓದಬಹುದು."

"ಹಣೇಲಿ ಬರೆದಂಗೆ?"

"ಹಂಗೇ ಅಂದ್ಕೊಳ್ಳಿ."

"ಹಂಗಾದ್ರೆ ನಾವ್ಯಾಕೆ ಎಣಿಸ್ಬೇಕು? ನೀವೇ ಓದ್ಬುಡಿ."

ಮೇಡಂ ನಕ್ಕರು. "ಬರಹ ಇದ್ರೆ ಸಾಲದು. ಹುಳ ಅದನ್ನ ಒಪ್ಪಬೇಕಲ್ಲ. ಹುಳಾನ ಕೇಳೋಕೆ ನೀವು ಬೇಕು."

ಮೊದಲ ಎಣಿಕೆಯ ದಿನ ನಾನು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆ ಮಗುಚಿ ಕೂಗುತ್ತಿದ್ದೆ, ಮೇಡಂ ಆ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಏಳನೇ ಸಾಲು, ಎಂಟನೇ ಸಾಲು, ಗಿಡಕ್ಕೆ ಐದೋ ಆರೋ ಎಂಟೋ. ಲಾಭ, ಎರಡು, ಮೂರು ಎಂದು ಎಣಿಸಿ ಕೊನೆಯದನ್ನು ಜೋರಾಗಿ ಕೂಗುತ್ತಿದ್ದೆ. ನಮ್ಮಲ್ಲಿ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಆಮೇಲೆ ಎರಡು, ಮೂರು. ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಅದು. ಬಾಯಿಗೆ ಬೇರೆ ಬರುವುದಿಲ್ಲ. ಹುಳ ಇಲ್ಲದ ಗಿಡ ಬಂದರೆ ಲೆಕ್ಕ ಹೇಳದೆ "ಮುಂದಿನ್ದು" ಎನ್ನುತ್ತಿದ್ದೆ.

ಹನ್ನೊಂದನೇ ಸಾಲಿನ ಮೊದಲ ಗಿಡದಲ್ಲಿ ಒಂದೇ ಒಂದು ಹುಳ ಇತ್ತು. ಎಲೆಯ ಹಿಂದೆ, ಬೆರಳ ಗೆಣ್ಣಿನಷ್ಟು ಉದ್ದ, ಹಸಿರು.

"ಲಾಭ" ಎಂದು ಕೂಗಿದೆ.

"ಏನು?"

"ಲಾಭ ಕಣಮ್ಮ, ಲಾಭ."

"ಲಾಭಾನಾ? ಆಗ್ಲಿ, ನಮಗೂ ಲಾಭವೇ ಬೇಕು" ಎಂದು ನಕ್ಕು ಬರೆದುಕೊಂಡರು. ಕತ್ತೆತ್ತಿ ನೋಡಿದೆ. ದುಂಡಗೆ ಬರೆದರು. ನಾಲ್ಕು ದಿನ ಹೋದ ಸಂಜೆ ಶಾಲೆಯಲ್ಲಿ ನನಗೆ ಕಲಿಸಿದ್ದ ಕನ್ನಡದ ೧ ಅಂಕಿ ಸಹ ದುಂಡಗೇ, ಕೆಳಗೆ ಸ್ವಲ್ಪ ಬಾಯಿ ಬಿಟ್ಟಿರುತ್ತದೆ. ದೂರದಿಂದ ಬಾಯಿ ಕಾಣಿಸಲಿಲ್ಲ. ಸರಿ ಎಂದುಕೊಂಡು ಮುಂದಿನ ಗಿಡಕ್ಕೆ ಜರುಗಿದೆ.

ಆ ಮುಂಗಾರು ಮಳೆ ಬರುವ ಹಾಗೆ ಮಾಡಿ ಬರಲಿಲ್ಲ. ಮೋಡ ಕಟ್ಟುತ್ತಿತ್ತು, ಗಾಳಿ ಇರುತ್ತಿರಲಿಲ್ಲ. ಬಲೆಯೊಳಗೆ ಬೆಳಿಗ್ಗೆ ಎಂಟಕ್ಕೇ ಹಬೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸೋಣವೆಂದರೆ ಕೈಯೆಲ್ಲ ಹುಳದ ಹಸಿರು ರಸ. ಹೊರಗಿನವರಿಗೆ ನಾವು ಬಿಳಿ ನೆರಳಿನಂತೆ ಕಾಣುತ್ತಿದ್ದೆವು. ಕುರಿ ಹೊಡೆದುಕೊಂಡು ಹೋಗುವವರು ನಿಂತು, "ಕರಿಯಕ್ಕಾ, ಒಳಗೆ ಯಾವಾಗ ಸಿನ್ಮಾ?" ಎಂದು ಕೂಗುತ್ತಿದ್ದರು. ಎಲೆ ಮಗುಚುತ್ತಲೇ ಇರುತ್ತಿದ್ದೆ. ಬಾಯಿ ಬಿಟ್ಟರೆ ಎಣಿಕೆ ತಪ್ಪುತ್ತದೆ.

ಮನೆಯಲ್ಲೂ ಮಾತು ಕೇಳಬೇಕಾಯಿತು. ನಾಗರಾಜನ ಹೊಲದಲ್ಲಿ ಕಳೆ ಮಂಡಿಯುದ್ದ ಬೆಳೆಯಿತು. ಅವನ ಹೆಂಡತಿ ಲಕ್ಷ್ಮಿ ಒಬ್ಬಳೇ ಕೀಳುತ್ತಿದ್ದಳು. ನಾನು ಬದುವಿನ ಆಚೆ, ರಸ್ತೆಯಲ್ಲಿ ನಿಂತು ನೋಡಬೇಕು, ಅಷ್ಟೇ.

"ಅತ್ತಿಗಮ್ಮ ಈಗ ಹುಳ ಸಾಕೋ ದೊಡ್ಡ ಮನುಷ್ರು. ಕಳೆ ಕೀಳ್ತಾರಾ?" ಎಂದು ನನ್ನ ಕಿವಿಗೆ ಬೀಳುವ ಹಾಗೆ ಹೇಳುತ್ತಿದ್ದಳು. ತಪ್ಪೇನೂ ಹೇಳಲಿಲ್ಲ.

ನಾಲ್ಕು ಸಲ ಎಣಿಸಿದೆವು. ನಾಲ್ಕು ಸಲವೂ ಹನ್ನೊಂದನೇ ಸಾಲಿನಲ್ಲಿ ಒಂದಷ್ಟು ಗಿಡಗಳಲ್ಲಿ ಏನೂ ಇಲ್ಲ, ಒಂದಷ್ಟರಲ್ಲಿ ಒಂದೊಂದು. ಎರಡು ಇದ್ದ ಗಿಡ ಒಂದೂ ಇರಲಿಲ್ಲ. ಮೇಡಂ ಆ ಸಾಲಿನ ಹತ್ತಿರ ಬಂದು ಎಲೆಯ ತೂತುಗಳನ್ನು ನೋಡುವಷ್ಟರಲ್ಲಿ ಬಿಸಿಲೇರಿರುತ್ತಿತ್ತು, ಹುಳ ಮಣ್ಣಿಗಿಳಿದಿರುತ್ತಿತ್ತು. "ಕಚ್ಚಿ ನೋಡಿವೆ, ಕಚ್ಚಿದ್ದಕ್ಕೇ ಸತ್ತಿವೆ" ಎಂದು ತಮಗೆ ತಾವೇ ಹೇಳಿಕೊಂಡಿದ್ದನ್ನು ಕೇಳಿದ್ದೆ. ಬೇರೆ ಸಾಲಿನ ಮಾತಿರಬೇಕು ಎಂದುಕೊಂಡೆ.

ಕಾಯಿ ಕಟ್ಟಿದ ಮೇಲೆ ಕ್ಷೇತ್ರೋತ್ಸವ ಇಟ್ಟರು. ಬಲೆಮನೆಯ ಮುಂದೆ ಶಾಮಿಯಾನ, ಮೈಕು, ಕೇಸರಿಬಾತು. ಊರವರೆಲ್ಲ ಬಂದಿದ್ದರು. ದೊಡ್ಡ ಫ್ಲೆಕ್ಸಿನಲ್ಲಿ ಹನ್ನೆರಡು ಸಾಲಿನ ಲೆಕ್ಕ ಬರೆಸಿದ್ದರು. ಮೇಲಿನ ಅಧಿಕಾರಿಯೊಬ್ಬರು ಕೋಲಿನಿಂದ ತೋರಿಸುತ್ತಾ ಬಂದು, ಹನ್ನೊಂದರ ಮೇಲೆ ಕೋಲಿಟ್ಟು ಮೈಕಿನಲ್ಲಿ ಕೂಗಿದರು. "ನೋಡಿ, ಸೊನ್ನೆ! ನಾಲ್ಕು ಸಲ ಎಣಿಸಿದರೂ ಸೊನ್ನೆ! ಒಂದೇ ಒಂದು ಹುಳ ಬದುಕಿಲ್ಲ!"

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಎರಡು ತಟ್ಟಿ ನಿಲ್ಲಿಸಿದೆ. ಹನ್ನೊಂದನೇ ಸಾಲು ನನ್ನದು. ಆ ಸಾಲಿನ ಎಲೆ ಮಗುಚಿ ನೋಡಿದವಳು ನಾನೊಬ್ಬಳೇ. ಹುಳ ಇತ್ತು. ನಾನೇ ಕೂಗಿ ಹೇಳಿದ್ದೆ.

ಫ್ಲೆಕ್ಸಿನ ಹತ್ತಿರ ಹೋಗಿ ನಿಂತು ನೋಡಿದೆ. ದುಂಡಗಿತ್ತು. ಕೆಳಗೆ ಬಾಯಿ ಇರಲಿಲ್ಲ. ಆಗ ಗೊತ್ತಾಯಿತು. ಅಳೆದು ಕೊಡುವುದನ್ನು ಕಾಣದ ಹೆಣ್ಣು ಅದು, ಪ್ಯಾಕೆಟ್ಟಿನಲ್ಲಿ ಅಕ್ಕಿ ತಂದು ಉಂಡ ಹೆಣ್ಣು. ನಾನು ಲಾಭ ಅಂದರೆ ಹುಳ ಇಲ್ಲ, ಒಳ್ಳೆಯದಾಯಿತು ಎಂದು ಕೇಳಿಸಿಕೊಂಡಿದೆ. ಮುಂದಿನ್ದು ಅಂದಾಗ ಬರೆದ ಸೊನ್ನೆಯನ್ನೇ ಲಾಭ ಅಂದಾಗಲೂ ಬರೆದಿದೆ.

ಅಷ್ಟರಲ್ಲಿ ಮೈಕಿನಲ್ಲಿ ಐದು ಜನ ರೈತರ ಹೆಸರು ಓದಿದರು. ಮುಂದಿನ ಮುಂಗಾರಿಗೆ ಹನ್ನೊಂದರ ಬೀಜ ಅವರಿಗೆ, ಔಷಧಿ ಮುಟ್ಟದೆ ಬೆಳೆಯಬೇಕು. ಮೂರನೆಯ ಹೆಸರು ನಾಗರಾಜ. ಅವನು ಎದ್ದು ನಿಂತು ಕೈ ಮುಗಿದ. ಮುಗಿದ ಕೈ ನಡುಗುತ್ತಿತ್ತು.

ರತ್ನಮ್ಮನನ್ನು ಶಾಮಿಯಾನದ ಹಿಂದಕ್ಕೆ ಎಳೆದುಕೊಂಡು ಹೋಗಿ ಹೇಳಿದೆ. ಅವಳು ಕೇಸರಿಬಾತಿನ ಎಲೆ ಹಿಡಿದುಕೊಂಡೇ ಕೇಳಿದಳು.

"ಒಂದು ಹುಳಕ್ಕೆ ಇಷ್ಟು ಬಾಧೆಯಾ ಅಕ್ಕಾ? ಎಂಟು ಬೀಳೋ ಕಡೆ ಒಂದು ಬಿದ್ದೈತೆ. ಬಿಟ್ಟಾಕು."

"ಇಲ್ಲ ಅಂತ ಹೇಳ್ತಾವರಲ್ಲೇ."

"ಹೇಳ್ಲಿ. ನಮ್ಮನ್ನ ಯಾರಾನಾ ಕೇಳಿದ್ರಾ? ಎಣಿಸು ಅಂದ್ರು, ಎಣಿಸಿದ್ವಿ. ಈಗ ಬಾಯಿ ಬಿಟ್ರೆ ಏನಂತಾರೆ ಗೊತ್ತಾ? ಓದು ಬರಹ ಇಲ್ಲದ ಮುದುಕೀರ ಕೈಗೆ ಕೊಟ್ಟಿದ್ದಕ್ಕೆ ಇಂಗಾಯ್ತು ಅಂತಾರೆ. ನನ್ನನ್ನೂ ಸೇರಿಸ್ತಾರೆ. ನೀನು ಒಬ್ಳೇ ಹೋಗ್ತೀಯಾ ಅಂದ್ರೆ ಹೋಗು, ನನ್ನ ಹೆಸರು ಎತ್ಬ್ಯಾಡ."

ಮನೆಗೆ ಬಂದು ನಾಗರಾಜನಿಗೆ ಹೇಳಿದೆ. ಅವನು ಆಗಲೇ ಟ್ಯಾಂಕನ್ನು ಮಾರಲು ಹೊರಗೆ ತೆಗೆದು ತೊಳೆಯುತ್ತಿದ್ದ.

"ಗಿಡಕ್ಕೆ ಒಂದು ತಾನೇ ಅಕ್ಕಯ್ಯ? ಒಂದು ತಿಂದ್ರೆ ಎಷ್ಟು ತಿಂತೈತೆ?"

"ಇವತ್ತು ಒಂದು ಕಣ್ಲಾ. ಹತ್ತು ಬುಟ್ರೆ ಒಂಬತ್ತು ಸತ್ವು, ಒಂದು ಬದುಕ್ತು. ಬದುಕಿದ್ದು ಗಟ್ಟಿ ಹುಳ. ಅದು ಮೊಟ್ಟೆ ಇಟ್ರೆ ಮರಿಗಳೂ ಗಟ್ಟಿ. ಔಷಧೀನೂ ಹೊಡೆಯಲ್ಲ. ಎರಡನೇ ವರ್ಷಕ್ಕೆ ನಿನ್ನ ಹೊಲದಲ್ಲಿ ಆ ಗಿಡಾನ ತಿನ್ನೋ ಹುಳವೇ ತುಂಬ್ಕೊಂಡಿರ್ತವೆ."

ಇದನ್ನು ನನಗೆ ಯಾವ ಮೇಡಂ ಹೇಳಿಕೊಟ್ಟಿರಲಿಲ್ಲ. ನಾಲ್ಕು ತಿಂಗಳು ಹುಳ ಸಾಕಿದ್ದೆ. ಹನ್ನೊಂದರಿಂದ ಉದುರಿದ ಎಲೆಯನ್ನು ಆಗಾಗ ಡಬ್ಬಿಗೆ ಹಾಕಿ ನೋಡುತ್ತಿದ್ದೆ. ಮುಂಚೆ ಮುಖ ತಿರುಗಿಸುತ್ತಿದ್ದ ಹುಳದ ಜಾತಿ, ಕೊನೆಯಲ್ಲಿ ಒಂದೊಂದು ನಿಧಾನವಾಗಿ ಕಚ್ಚುತ್ತಿದ್ದುದನ್ನು ಕಂಡಿದ್ದೆ.

ನಾಗರಾಜ ಟ್ಯಾಂಕು ಕೆಳಗಿಟ್ಟ. "ಎರಡ್ನೇ ವರ್ಷದ ಮಾತು ಬ್ಯಾಡ. ಬರೋ ವರ್ಷ ಒಂದು ನಾನು ಇದನ್ನ ಹೊರದಂಗೆ ಬೆಳೆ ತೆಗೀತೀನಿ. ಅಷ್ಟು ಸಾಕು. ನೀನು ಬಾಯಿ ಬಿಟ್ರೆ ಬೀಜ ಕೊಡಕಿಲ್ಲ. ಮತ್ತೆ ಟ್ಯಾಂಕು ಯಾರು ಹೊರ್ತಾರೆ, ನೀನಾ?"

ಲಕ್ಷ್ಮಿ ಒಳಗಿನಿಂದ, "ಕಳೆ ಕೀಳಕ್ಕೂ ಬರ್ಲಿಲ್ಲ, ಈಗ ಬೆಳೆ ಕೀಳಕ್ಕೆ ಹೊಂಟವ್ರೆ" ಅಂದಳು.

ಹೊಸ್ತಿಲ ಮೇಲೆ ಕೂತೆ. ಸುಮ್ಮನಿದ್ದರೆ ನಾನೇ ತಮ್ಮನ ಹೊಲಕ್ಕೆ ಹುಳ ಬಿಟ್ಟ ಹಾಗೆ. ಹೇಳಿದರೆ ನಾನೇ ಅವನ ಬೆನ್ನಿಗೆ ಟ್ಯಾಂಕು ಕಟ್ಟಿದ ಹಾಗೆ. ಬಲೆಮನೆಗಾದರೂ ಎರಡು ಬಾಗಿಲಿದ್ದವು. ಮೇಡಂ ಮೇಲೆ ಪ್ರೀತಿ ಉಕ್ಕಿಬಂದು ಎದ್ದೆ ಎಂದು ಯಾರೂ ತಿಳಿಯಬೇಡಿ. ಆ ಹೆಣ್ಣು ನಾಲ್ಕು ತಿಂಗಳಲ್ಲಿ ನನಗೆ ಒಂದು ಲೋಟ ಕಾಫಿ ಕೊಟ್ಟಿರಲಿಲ್ಲ. ಆದರೆ ನಾನು ಎಣಿಸಿದ್ದು ಸರಿಯಿತ್ತು. ಸರಿ ಎಣಿಸಿದ ಲೆಕ್ಕವನ್ನು ನನ್ನ ಕಣ್ಣೆದುರಿಗೇ ಸುಳ್ಳು ಮಾಡಿ ನೇತುಹಾಕಿದ್ದರು. ಅದು ತಡೆಯಲಾಗಲಿಲ್ಲ.

ಹೊತ್ತು ಮುಳುಗುವ ಮುಂಚೆ ಹೋದೆ. ಶಾಮಿಯಾನ ಬಿಚ್ಚುತ್ತಿದ್ದರು. ಮೇಡಂ ಕಾರಿಗೆ ಡಬ್ಬಿಗಳನ್ನು ತುಂಬಿಸುತ್ತಿದ್ದರು.

"ಹನ್ನೊಂದ್ರಾಗೆ ಹುಳ ಅವೆ" ಅಂದೆ.

"ಏನಂದ್ರಿ?"

"ಹುಳ ಅವೆ. ಗಿಡಕ್ಕೊಂದು. ಎಲ್ಲಾ ಗಿಡಕ್ಕಲ್ಲ."

"ನೀವೇ ಲಾಭ ಲಾಭ ಅಂತ ಹೇಳಿದ್ರಲ್ಲ ಕರಿಯಮ್ಮ!"

"ಲಾಭ ಅಂದ್ರೆ ಒಂದು."

ಮೇಡಂ ಕೈಯಲ್ಲಿದ್ದ ಡಬ್ಬಿ ಕಾರಿನ ಮೇಲಿಟ್ಟರು. "ಒಂದು ಅಂದ್ರೆ ಒಂದು. ಲಾಭ ಹೆಂಗೆ ಒಂದಾಗುತ್ತೆ?"

"ರಾಗಿ ಅಳೆಯೋವಾಗ ಮೊದಲ ಸೇರಿಗೆ ಅಂಗಂತೀವಿ."

"ಹುಳ ರಾಗೀನಾ?"

"ಬಾಯಿಗೆ ರಾಗಿ ಯಾವ್ದು ಹುಳ ಯಾವ್ದು ಅಂತ ಗೊತ್ತಾ?"

ಅವರಿಗೆ ಕೋಪ ಬಂತು, ಬರಬೇಕಾದ್ದೇ. ಮುಂದಿನ ವಾರ ಈ ಲೆಕ್ಕವನ್ನು ದೊಡ್ಡವರ ಮುಂದೆ ಇಡಬೇಕಿತ್ತಂತೆ. ಅದರ ಮೇಲೆಯೇ ಅವರ ಕೆಲಸ ಉಳಿಯುವುದೋ ಹೋಗುವುದೋ ಎಂದು ತೀರ್ಮಾನವಂತೆ. "ಮೊದಲೇ ಹೇಳಬಾರದಿತ್ತಾ?" ಎಂದು ಕಿರುಚಿದರು.

"ಮೊದಲೇ ಕೇಳಬಾರದಿತ್ತಾ?" ಅಂದೆ ನಾನೂ.

ಶಾಮಿಯಾನದವರು ಕೆಲಸ ನಿಲ್ಲಿಸಿ ನೋಡಿದರು. ಮೇಡಂ ಬಲೆಮನೆಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, "ಬದುಕಿರೋ ಹುಳ ಒಂದು ಆದ್ರೂ ಇದ್ರೆ ಬೀಜ ಹಂಚೋ ಹಾಗಿಲ್ಲ" ಅಂದರು. "ಅದರ ಮರಿಗಳು ಇದನ್ನೇ ತಿಂದು ಬೆಳೀತವೆ."

"ಗೊತ್ತು."

"ಹೇಗೆ ಗೊತ್ತು?"

"ಸಾಕಿದೋಳು ನಾನಲ್ವಾ?"

ಮೇಡಂ ಕಾರಿನಿಂದ ಡಬ್ಬಿಗಳನ್ನು ಒಂದೊಂದಾಗಿ ಇಳಿಸತೊಡಗಿದರು. ನಾಳೆ ಬರಬೇಕಾ ಎಂದು ಕೇಳಿದೆ. "ಬನ್ನಿ. ನಾನೇ ಕಣ್ಣಾರೆ ನೋಡ್ಬೇಕು" ಅಂದರು.

ಆ ರಾತ್ರಿ ನಾಗರಾಜ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಲಕ್ಷ್ಮಿ ಮುದ್ದೆ ಇಟ್ಟ ತಟ್ಟೆಯನ್ನು ನನ್ನ ಮುಂದೆ ತಳ್ಳಿ ಹೋದಳು. ಉಂಡೆ. ತಂಗಿಯ ಮನೆಗೆ ನಾಲ್ಕು ದಿನ ಹೋಗಿ ಬರಬಹುದು, ಇರಲು ನನಗೆ ಆ ಮನೆ ಬಿಟ್ಟರೆ ಬೇರೆ ಕಡೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಹೋದೆ. ರತ್ನಮ್ಮ ಬಂದಿರಲಿಲ್ಲ. ಮೇಡಂ ಆಗಲೇ ಒಳಗಿದ್ದರು, ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹನ್ನೊಂದನೇ ಸಾಲಿನಲ್ಲಿ ಕುಕ್ಕರುಗಾಲಲ್ಲಿ. ಪುಸ್ತಕವನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟರು.

"ನಂಗೆ ಬರೆಯಕ್ಕೆ ಬರಕಿಲ್ಲ" ಅಂದೆ.

"ಬರೀಬೇಡಿ. ನಾನು ಒಂದು ಹುಳ ಅಂದ್ರೆ ನೀವು ಒಂದು ಗೆರೆ ಎಳೀರಿ. ಅಷ್ಟೇ."

ಸ್ಟೂಲಿನ ಮೇಲೆ ಕೂತೆ. ಮೊದಲ ಗಿಡದ ಎಲೆಯನ್ನು ಅವರು ಮಗುಚಿದರು, ಎರಡು ಸಲ ಮಗುಚಿದರು, ಬುಡದ ಮಣ್ಣನ್ನು ಬೆರಳಿಂದ ಕೆದಕಿದರು.

"ಒಂದು" ಅಂದರು.

ಆ ಗೆರೆ ಎಳೆದರೆ ನಾಗರಾಜನಿಗೆ ಬೀಜ ಇಲ್ಲ ಎಂದು ನನಗೆ ಗೊತ್ತಿತ್ತು. ಪೆನ್ನನ್ನು ಒತ್ತಿ ಹಿಡಿದು, ಹಾಳೆ ಹರಿಯುವ ಹಾಗೆ ಎಳೆದೆ.